ಪದವಿ ತರಗತಿಯ ಪಾಠವನ್ನು ನೋಡುವವರು ಯಾರು?

ಮಾನ್ಯ ಸಂಪಾದಕರೇ,

ಪದವಿ ಕಾಲೇಜುಗಳ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸುದ್ದಿಯಲ್ಲಿ ಹೆಚ್ಚಿನ ಪಾಲು ಖಾಲಿ ಹುದ್ದೆಗಳದ್ದು, ಅತಿಥಿ ಉಪನ್ಯಾಸಕರ ಧರಣಿಯದ್ದು, ತಡವಾದ ಫಲಿತಾಂಶದ್ದು ಅಥವಾ ಸೋರುವ ಕಟ್ಟಡದ್ದು. ಇವೆಲ್ಲ ಬರಬೇಕಾದ ಸುದ್ದಿಗಳೇ. ಆದರೆ ಹುದ್ದೆ ತುಂಬಿ, ಕಟ್ಟಡ ಎದ್ದು, ಗಂಟೆ ಹೊಡೆದು, ಉಪನ್ಯಾಸಕರು ತರಗತಿಯೊಳಗೆ ಹೋದ ಮೇಲೆ ಅಲ್ಲಿ ಪಾಠ ಹೇಗೆ ನಡೆಯುತ್ತದೆ, ಪಾಠ ಮಾಡುವುದನ್ನು ಅವರಿಗೆ ಯಾರಾದರೂ ಕಲಿಸಿದ್ದಾರೆಯೇ ಎಂಬ ಪ್ರಶ್ನೆ ಮಾತ್ರ ಅಪರೂಪಕ್ಕೂ ಚರ್ಚೆಗೆ ಬರುವುದಿಲ್ಲ. ಹಾಸನದ ಬಿ.ಇಡಿ. ಕಾಲೇಜೊಂದರಲ್ಲಿ ಬಹುಕಾಲ ಶಾಲಾ ಶಿಕ್ಷಕರನ್ನು ತಯಾರು ಮಾಡುವ ಕೆಲಸದಲ್ಲಿದ್ದು ನಿವೃತ್ತಳಾದ ನಾನು ಈ ಪ್ರಶ್ನೆಯನ್ನು ತಮ್ಮ ಪತ್ರಿಕೆಯ ಮೂಲಕ ಎತ್ತಬಯಸುತ್ತೇನೆ.

ನಮ್ಮ ವ್ಯವಸ್ಥೆಯಲ್ಲಿ ಒಂದನೇ ತರಗತಿಯ ಮಗುವಿಗೆ ಅಕ್ಷರ ಕಲಿಸುವವರು ಎರಡು ವರ್ಷದ ಡಿ.ಇಎಲ್.ಇಡಿ. (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಮುಗಿಸಿ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾಗಿರಬೇಕು. ಹೈಸ್ಕೂಲಿನಲ್ಲಿ ಪಾಠ ಮಾಡುವವರಿಗೆ ಬಿ.ಇಡಿ. ಬೇಕು, ಅದೂ 2015ರಿಂದ ಎರಡು ವರ್ಷದ ಕೋರ್ಸಾಗಿದೆ ಮತ್ತು ಅದರಲ್ಲಿ ಒಟ್ಟು 20 ವಾರಗಳನ್ನು ಶಾಲೆಯಲ್ಲೇ ಕಳೆಯಬೇಕೆಂಬ ನಿಯಮವಿದೆ. ಪದವಿಪೂರ್ವ ಉಪನ್ಯಾಸಕರ ನೇಮಕಾತಿಯಲ್ಲೂ ಬಿ.ಇಡಿ. ಕೇಳುತ್ತಾರೆ. ಅಲ್ಲಿಂದ ಒಂದೇ ಮೆಟ್ಟಿಲು ಮೇಲೆ ಹೋದರೆ ಈ ಷರತ್ತು ಮಾಯವಾಗುತ್ತದೆ. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿಯ ಅಂಕ ಮತ್ತು ನೆಟ್, ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆಗಳಲ್ಲೊಂದು ಅಥವಾ ಪಿಎಚ್.ಡಿ. ಇದ್ದರೆ ಸಾಕು. ನೆಟ್ ಪರೀಕ್ಷೆಯ ಮೊದಲ ಪತ್ರಿಕೆಯ ಹತ್ತು ಘಟಕಗಳಲ್ಲಿ ಒಂದು ಬೋಧನಾ ಸಾಮರ್ಥ್ಯಕ್ಕೆ ಸಂಬಂಧಿಸಿದ್ದೇನೋ ಹೌದು, ಆದರೆ ಅದರ ಪಾಲು ಐವತ್ತರಲ್ಲಿ ಐದು ಬಹು ಆಯ್ಕೆ ಪ್ರಶ್ನೆಗಳು ಮಾತ್ರ, ಮತ್ತು ಅವುಗಳಿಗೆ ಗೈಡ್ ನೋಡಿ ಉತ್ತರ ಗುರುತಿಸಿದವರು ಕಪ್ಪು ಹಲಗೆಯ ಮುಂದೆ ಹೇಗೆ ನಿಲ್ಲುತ್ತಾರೆಂಬುದು ಆ ಉತ್ತರಪತ್ರಿಕೆಯಿಂದ ಗೊತ್ತಾಗುವುದಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2022ರಲ್ಲಿ ನಡೆಸಿದ ಪರೀಕ್ಷೆಯೂ ಬರವಣಿಗೆಯ ಪರೀಕ್ಷೆಯೇ ಆಗಿತ್ತು. ಹಾಗೆ ಆಯ್ಕೆಯಾದವರಲ್ಲಿ ತಮ್ಮ ವಿಷಯದಲ್ಲಿ ಆಳವಾದ ಜ್ಞಾನವುಳ್ಳವರು ಬಹಳ ಜನ ಇದ್ದಾರೆ. ಅವರನ್ನು ನೇಮಿಸಿಕೊಂಡ ಸರ್ಕಾರವು ಆದೇಶ ಕೊಟ್ಟ ಮಾರನೆಯ ದಿನವೇ ಅವರನ್ನು ಎಂಬತ್ತು, ನೂರು ವಿದ್ಯಾರ್ಥಿಗಳ ಮುಂದೆ ನಿಲ್ಲಿಸಿ, ಇನ್ನು ನೀವುಂಟು ಅವರುಂಟು ಎಂದು ಕೈತೊಳೆದುಕೊಂಡಿತಲ್ಲ ಎಂಬುದೇ ನನ್ನ ತಕರಾರು.

ತರಬೇತಿಯೇ ಇಲ್ಲ ಎಂದು ಹೇಳಿದರೆ ಅದು ಸತ್ಯವಾಗುವುದಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಯುಜಿಸಿಯು (ವಿಶ್ವವಿದ್ಯಾಲಯ ಅನುದಾನ ಆಯೋಗ) ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಮೈಸೂರು ವಿಶ್ವವಿದ್ಯಾಲಯದಲ್ಲೂ ಅದು ಬಂತು. ಮುಂದೆ ಅದೇ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರವಾಯಿತು, 2023ರಿಂದೀಚೆಗೆ ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರ ಎಂದಾಗಿದೆ. ಫಲಕ ಎರಡು ಸಲ ಬದಲಾದರೂ ಉಪನ್ಯಾಸಕರ ಬಾಯಲ್ಲಿ ಅದು ಇಂದಿಗೂ 'ಓರಿಯಂಟೇಶನ್ನು, ರಿಫ್ರೆಶರ್ರು' ಎಂದೇ ಉಳಿದಿದೆ. 2018ರ ಯುಜಿಸಿ ನಿಯಮಾವಳಿಯ ಪ್ರಕಾರ ಸಹಾಯಕ ಪ್ರಾಧ್ಯಾಪಕರು ಮೊದಲ ಬಡ್ತಿಗೆ ಅರ್ಹರಾಗಬೇಕಾದರೆ, ಪಿಎಚ್.ಡಿ. ಇದ್ದವರಿಗೆ ನಾಲ್ಕು, ಎಂ.ಫಿಲ್. ಇದ್ದವರಿಗೆ ಐದು ಮತ್ತು ಎರಡೂ ಇಲ್ಲದವರಿಗೆ ಆರು ವರ್ಷದ ಸೇವೆಯ ಜೊತೆಗೆ, ಬೋಧನಾ ವಿಧಾನದ ಕುರಿತ 21 ದಿನಗಳ ಓರಿಯಂಟೇಶನ್ ಕೋರ್ಸ್ ಮುಗಿಸಿರಬೇಕು. ಈ ಒಂದು ವಾಕ್ಯದಲ್ಲೇ ರೋಗದ ಮೂಲವಿದೆ. ಪಾಠ ಮಾಡುವುದನ್ನು ಕಲಿಯುವ ಕೋರ್ಸನ್ನು ನಾವು ಬಡ್ತಿಯ ಕಡತಕ್ಕೆ ಕಟ್ಟಿಹಾಕಿದ್ದೇವೆ. ಆದ್ದರಿಂದ ಹೊಸಬರಿಗೆ ಅದು ಬೇಕಾದ ಮೊದಲ ವರ್ಷದಲ್ಲಿ ಸಿಗುವುದು ಅಪರೂಪ. ಬಡ್ತಿಯ ಗಡುವು ಹತ್ತಿರ ಬಂದು, ಸರ್ಟಿಫಿಕೇಟ್ ಇಲ್ಲದೆ ಫೈಲು ಮುಂದೆ ಹೋಗುವುದಿಲ್ಲ ಎಂದಾಗ ಅರ್ಜಿ ಹಾಕುತ್ತಾರೆ. ಅಷ್ಟರಲ್ಲಿ ನೋಟ್ಸ್ ಬರೆಸುವ ಅಭ್ಯಾಸ ಬೇರೂರಿಬಿಟ್ಟಿರುತ್ತದೆ.

ಮೈಸೂರು ಹಾಸನದಿಂದ ಸುಮಾರು 120 ಕಿ.ಮೀ. ದೂರ. ಹಿಂದೆ ಅಲ್ಲಿಗೇ ಹೋಗಿ ಹಾಸ್ಟೆಲಿನಲ್ಲಿ ಉಳಿದು ಬರಬೇಕಿತ್ತು, ಚಿಕ್ಕ ಮಕ್ಕಳಿದ್ದ ಉಪನ್ಯಾಸಕಿಯರಿಗೆ ಅದು ದೊಡ್ಡ ಪರದಾಟವಾಗಿತ್ತು. ಈಗ ಬಹುಪಾಲು ಕೋರ್ಸುಗಳು ಆನ್‌ಲೈನ್ ಆಗಿರುವುದರಿಂದ ಆ ತೊಂದರೆ ತಪ್ಪಿದೆ, ಜೊತೆಗೆ ಸಂಜೆ ಹರಟೆಯಲ್ಲಿ ಬೇರೆ ಜಿಲ್ಲೆಯವರಿಂದ ಕಲಿಯುತ್ತಿದ್ದ ನಾಲ್ಕು ಮಾತುಗಳೂ ತಪ್ಪಿವೆ. ಕೋವಿಡ್ ಕಾಲದಲ್ಲಿ ಇನ್ನೊಂದು ಬಗೆಯ ಎಫ್‌ಡಿಪಿಗಳು, ಅಂದರೆ ಅಧ್ಯಾಪಕರ ತರಬೇತಿ ಕಾರ್ಯಕ್ರಮಗಳು, ಹಬ್ಬಿದವು: ವಾಟ್ಸ್‌ಆ್ಯಪ್ ಗುಂಪಿಗೆ ಲಿಂಕ್ ಬರುತ್ತದೆ, ಕ್ಯಾಮೆರಾ ಮುಚ್ಚಿ ಸೇರಿಕೊಳ್ಳುವುದು, ಕೊನೆಯಲ್ಲಿ ಗೂಗಲ್ ಫಾರ್ಮ್ ತುಂಬುವುದು, ಸಂಜೆಯೊಳಗೆ ಇ-ಸರ್ಟಿಫಿಕೇಟ್ ಮೇಲ್‌ಗೆ ಬೀಳುವುದು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗಲೂ ಎಷ್ಟು ಶೇಕಡಾ ಅಧ್ಯಾಪಕರು ಇಂಥ ಕಾರ್ಯಕ್ರಮಗಳಲ್ಲಿ ಭಾಗವಹಿಸಿದ್ದಾರೆಂಬ ಲೆಕ್ಕ ಕೇಳುತ್ತಾರೆ. ಕಾಲೇಜುಗಳು ಲೆಕ್ಕ ಒದಗಿಸುತ್ತವೆ. ಆ ಕಾರ್ಯಕ್ರಮದ ನಂತರ ಯಾವ ಪಾಠದಲ್ಲಿ ಏನು ಬದಲಾಯಿತು ಎಂದು ಕೇಳುವ ಕಾಲಂ ಇಲ್ಲದಿರುವಾಗ ಅಧ್ಯಾಪಕರನ್ನು ದೂರಿ ಪ್ರಯೋಜನವಿಲ್ಲ.

ಈ ಕೋರ್ಸುಗಳಲ್ಲಿ ಒಳ್ಳೆಯ ಉಪನ್ಯಾಸಗಳು ಇರುತ್ತವೆ, ನನಗೆ ಅದರಲ್ಲಿ ಅನುಮಾನವಿಲ್ಲ. ಆದರೆ ಬೋಧನೆಯ ಬಗ್ಗೆ ಉಪನ್ಯಾಸ ಕೇಳುವುದು ಬೇರೆ, ಬೋಧಿಸಿ ತೋರಿಸಿ ತಿದ್ದಿಸಿಕೊಳ್ಳುವುದು ಬೇರೆ. ಬಿ.ಇಡಿ.ಯಲ್ಲಿ ನಾವು ಸೂಕ್ಷ್ಮ ಬೋಧನೆ ಎಂಬುದನ್ನು ಮಾಡಿಸುತ್ತೇವೆ. 1963ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆ್ಯಲೆನ್ ಮತ್ತು ಸಂಗಡಿಗರು ರೂಪಿಸಿದ ಈ ಪದ್ಧತಿಯನ್ನು ಎನ್‌ಸಿಇಆರ್‌ಟಿ ನಮ್ಮ ದೇಶದ ತರಗತಿಗಳಿಗೆ ಹೊಂದಿಸಿಕೊಟ್ಟಿತು. ಆರು ನಿಮಿಷ ಪಾಠ, ಆರು ನಿಮಿಷ ಅದರ ವಿಮರ್ಶೆ, ಹನ್ನೆರಡು ನಿಮಿಷ ಪಾಠವನ್ನು ಮತ್ತೆ ಕಟ್ಟುವುದು, ಆರು ನಿಮಿಷ ಮರುಪಾಠ, ಆರು ನಿಮಿಷ ಮರುವಿಮರ್ಶೆ. ಒಟ್ಟು 36 ನಿಮಿಷ. ಒಂದು ಸಲಕ್ಕೆ ಒಂದೇ ಕೌಶಲ: ಪ್ರಶ್ನೆ ಕೇಳುವುದು, ಉದಾಹರಣೆ ಕೊಡುವುದು, ಹಲಗೆಯ ಮೇಲೆ ಬರೆಯುವುದು, ಕೇಳಿದ ಪ್ರಶ್ನೆಗೆ ಉತ್ತರ ಬರುವವರೆಗೆ ಸುಮ್ಮನೆ ಕಾಯುವುದು. ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದು, ಹೊಸ ಶಿಕ್ಷಕರಿಗೆ ಮೂರು ಸೆಕೆಂಡಿನ ಮೌನವೂ ಮೂರು ನಿಮಿಷದಂತೆ ಕಾಣುತ್ತದೆ, ಉತ್ತರವನ್ನು ತಾವೇ ಹೇಳಿಬಿಡುತ್ತಾರೆ. ಇಪ್ಪತ್ತೆರಡು ವರ್ಷದ ಹುಡುಗ ಹುಡುಗಿಯರು ಸಹಪಾಠಿಗಳ ಎದುರು ನಿಂತು, 'ನೀನು ಇಡೀ ಹೊತ್ತು ಹಲಗೆಯ ಕಡೆಗೇ ಮಾತಾಡಿದೆ' ಎಂದು ಹೇಳಿಸಿಕೊಂಡು, ಮುಖ ಸಣ್ಣದು ಮಾಡಿಕೊಂಡರೂ ಹನ್ನೆರಡು ನಿಮಿಷ ಬಿಟ್ಟು ಮತ್ತೆ ಎದ್ದು ನಿಂತು ಸರಿಮಾಡಿಕೊಳ್ಳುವುದನ್ನು ನೋಡುವುದೇ ನನ್ನ ವೃತ್ತಿಯಾಗಿತ್ತು. ಪದವಿ ಕಾಲೇಜಿನ ಅಧ್ಯಾಪಕರಿಗೆ ಈ ಅವಕಾಶ ಮೂವತ್ತು ವರ್ಷದ ಸೇವೆಯಲ್ಲಿ ಒಮ್ಮೆಯೂ ಒದಗದೆ ಹೋಗಬಹುದು.

ಇದರಿಂದ ಏನು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಕಂಡದ್ದೊಂದನ್ನು ಹೇಳುತ್ತೇನೆ. ಪರಿಚಯದ ಅರ್ಥಶಾಸ್ತ್ರದ ಉಪನ್ಯಾಸಕಿಯೊಬ್ಬರು, ಪ್ರಾಂಶುಪಾಲರ ಒಪ್ಪಿಗೆ ಪಡೆದು, ತಮ್ಮ ಪಾಠವನ್ನು ನೋಡಿ ಹೇಳಿ ಎಂದು ನನ್ನನ್ನು ಕರೆದಿದ್ದರು. ಅಂದಿನ ಪಾಠ ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದು. ಅವರು ವ್ಯಾಖ್ಯೆ ಬರೆಸಿದರು, ಸೂತ್ರ ಬರೆದರು, ಐದು ಬಗೆಗಳನ್ನು ಐದು ರೇಖಾಚಿತ್ರಗಳಲ್ಲಿ ಅಚ್ಚುಕಟ್ಟಾಗಿ ತೋರಿಸಿದರು. ತಪ್ಪೆಂಬುದು ಒಂದೂ ಇರಲಿಲ್ಲ. ಮಕ್ಕಳು ತಲೆ ಬಗ್ಗಿಸಿ ಬರೆದುಕೊಂಡರು, ಇಡೀ ಗಂಟೆಯಲ್ಲಿ ಕೇಳಿಬಂದ ಒಂದೇ ಪ್ರಶ್ನೆ 'ಮೇಡಂ, ಇನ್ನೊಂದ್ ಸಲ ಹೇಳಿ' ಎಂಬುದು. ಪಾಠ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಕೂತು, ಈ ತರಗತಿಯಲ್ಲಿ ಆಲೂಗಡ್ಡೆ ಬೆಳೆಯುವ ಮನೆಯ ಮಕ್ಕಳು ಎಷ್ಟು ಜನ ಎಂದು ಕೇಳಿದೆ. ಅರ್ಧಕ್ಕಿಂತ ಹೆಚ್ಚು ಇರಬಹುದು ಎಂದರು. ಅದೇ ಪಾಠವನ್ನು ಅವರು ಇನ್ನೊಂದು ಸೆಕ್ಷನ್‌ಗೆ ಮಾಡಿದಾಗ ಪುಸ್ತಕ ತೆರೆಯುವ ಮುಂಚೆ ಒಂದು ಪ್ರಶ್ನೆ ಹಾಕಿದರು: ಹಾಸನದ ಎಪಿಎಂಸಿಗೆ ಆಲೂಗಡ್ಡೆ ಹೋದ ವರ್ಷಕ್ಕಿಂತ ಎರಡರಷ್ಟು ಬಂದು ಬೆಲೆ ಕಾಲುಭಾಗಕ್ಕೆ ಇಳಿದರೆ ನಿಮ್ಮ ಮನೆಯಲ್ಲಿ ಎರಡರಷ್ಟು ಪಲ್ಯ ಮಾಡುತ್ತೀರಾ? ತರಗತಿ ನಕ್ಕಿತು. ಆಲೂರಿನ ಕಡೆಯ ಹುಡುಗನೊಬ್ಬ ಎದ್ದು, ಹಾಗೆ ಬೆಲೆ ಬಿದ್ದ ವರ್ಷ ಗೆಡ್ಡೆ ಕೀಳಿಸಿದ ಕೂಲಿಗೂ ಗಿಟ್ಟಲಿಲ್ಲ ಎಂದ. ಹಾಗಾದರೆ ಬೆಳೆ ಹೆಚ್ಚಾದಾಗ ರೈತನ ಕೈಗೆ ಬರುವ ಹಣ ಹೆಚ್ಚಾಯಿತೋ ಕಡಿಮೆಯಾಯಿತೋ, ಯಾಕೆ, ಇದೇ ಮಾತು ಮೊಬೈಲ್ ಫೋನಿಗೆ ಅನ್ವಯಿಸುತ್ತದೆಯೇ ಎಂದು ಒಂದರ ಹಿಂದೊಂದು ಪ್ರಶ್ನೆ ಬೆಳೆದು, ಸ್ಥಿತಿಸ್ಥಾಪಕವಲ್ಲದ ಬೇಡಿಕೆಯ ಇಡೀ ತರ್ಕವನ್ನು ಮಕ್ಕಳೇ ಹೇಳಿ ಮುಗಿಸಿದ ಮೇಲೆ ವ್ಯಾಖ್ಯೆ ಬರೆಸಲು ಐದು ನಿಮಿಷವೂ ಹಿಡಿಯಲಿಲ್ಲ. ಆ ಉಪನ್ಯಾಸಕಿಗೆ ಅರ್ಥಶಾಸ್ತ್ರವನ್ನು ನಾನು ಕಲಿಸಲಿಲ್ಲ. ಕಲಿಸುವಷ್ಟು ನನಗೆ ಬರುವುದೂ ಇಲ್ಲ. ಹಿಂದಿನ ಬೆಂಚಿನಲ್ಲಿ ಒಬ್ಬರು ಕೂತು ನೋಡಿದರು ಎಂಬುದಷ್ಟೇ ಅಲ್ಲಿ ಹೊಸದಾಗಿ ಸೇರಿದ್ದು.

ವಿಷಯ ಗೊತ್ತಿರುವುದು ಒಂದು ಜ್ಞಾನ, ಆ ವಿಷಯದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಯಾವ ಉದಾಹರಣೆ ಅವರಿಗೆ ಹತ್ತುತ್ತದೆ ಎಂದು ಗೊತ್ತಿರುವುದು ಇನ್ನೊಂದು ಜ್ಞಾನ ಎಂಬುದನ್ನು ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್‌ಮನ್ 1986ರಷ್ಟು ಹಿಂದೆಯೇ ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸಿದ್ದರು. ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ತಮ್ಮ ವಿದ್ಯಾರ್ಥಿಗಳು ಕಠಿಣ ಲೆಕ್ಕಗಳನ್ನು ಬಿಡಿಸಿದರೂ ಮೂಲ ಪರಿಕಲ್ಪನೆಯಲ್ಲಿ ತಡವರಿಸುತ್ತಾರೆಂದು ಕಂಡುಕೊಂಡು, 1990ರ ದಶಕದ ಆರಂಭದಲ್ಲಿ ಪಾಠದ ನಡುವೆ ಒಂದು ಪ್ರಶ್ನೆ ಕೇಳಿ, ಉತ್ತರ ಗುರುತಿಸಲು ಹೇಳಿ, ಪಕ್ಕದವರೊಂದಿಗೆ ವಾದಿಸಲು ಬಿಟ್ಟು, ಮತ್ತೆ ಉತ್ತರ ಕೇಳುವ ಕ್ರಮವನ್ನು ಶುರುಮಾಡಿದರು. ಮೇಲಕ್ಕೆ ಎಸೆದ ನಾಣ್ಯವು ತುತ್ತತುದಿಯಲ್ಲಿ ಒಂದು ಕ್ಷಣ ನಿಂತಾಗ ಅದರ ವೇಗೋತ್ಕರ್ಷ ಎಷ್ಟು ಎಂದು ನಮ್ಮ ಬಿ.ಎಸ್ಸಿ. ತರಗತಿಯಲ್ಲಿ ಕೇಳಿ ನೋಡಿ. ಸೊನ್ನೆ ಎಂಬ ತಪ್ಪು ಉತ್ತರಕ್ಕೆ ಎಷ್ಟು ಕೈಗಳು ಏಳುತ್ತವೆಂಬುದು ಭೌತಶಾಸ್ತ್ರ ಪಾಠ ಮಾಡುವವರಿಗೆ ಗೊತ್ತು. ಉತ್ತರಗಳನ್ನು ಎಣಿಸಲು ಯಂತ್ರ ಬೇಕಿಲ್ಲ, ಕೈಯೆತ್ತಿಸಿದರೆ ಸಾಕು. ವಿಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತ ಬೋಧನೆಯ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಬರೀ ಉಪನ್ಯಾಸ ನಡೆಯುವ ತರಗತಿಗಳಲ್ಲಿ ವಿದ್ಯಾರ್ಥಿಗಳು ನಪಾಸಾಗುವ ಸಾಧ್ಯತೆ ಇಂಥ ಚಟುವಟಿಕೆಯುಳ್ಳ ತರಗತಿಗಳಿಗಿಂತ ಒಂದೂವರೆ ಪಟ್ಟು ಎಂದು ತೋರಿಸಿತ್ತು.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯನ್ನು ಹೇಗೋ ದಾಟಿ ಬಂದ ಅರಕಲಗೂಡು, ಬೇಲೂರು, ಹೊಳೆನರಸೀಪುರದ ಮಕ್ಕಳು ಬಿ.ಎಸ್ಸಿ., ಬಿ.ಕಾಂ. ತರಗತಿಯಲ್ಲಿ ಇಂಗ್ಲಿಷ್ ಪಠ್ಯದ ಮುಂದೆ ಕೂರುತ್ತಾರೆ. ಅವರಿಗೆ ಎಲ್ಲಿ ಕನ್ನಡದಲ್ಲಿ ವಿವರಿಸಬೇಕು, ಪಾರಿಭಾಷಿಕ ಪದವನ್ನು ಯಾವಾಗ ಇಂಗ್ಲಿಷಿನಲ್ಲಿ ಹಲಗೆಯ ಮೇಲಿಡಬೇಕು, ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಎರಡು ಪುಟ ಬರೆಯುವಷ್ಟು ಅವರನ್ನು ಹಂತಹಂತವಾಗಿ ಹೇಗೆ ತರಬೇಕು ಎಂಬುದು ಕಲಿತು ಬರಬೇಕಾದ ಕೌಶಲ. ಇದನ್ನು ಹೇಳಿಕೊಡುವ ರಾಷ್ಟ್ರಮಟ್ಟದ ಆನ್‌ಲೈನ್ ಕೋರ್ಸೊಂದು ನನ್ನ ಗಮನಕ್ಕೆ ಬಂದಿಲ್ಲ, ಅದು ಇಲ್ಲಿಯವರೇ ಕೂತು ಕಟ್ಟಬೇಕಾದ ಪಾಠ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿ ಬಂತು. ಎರಡೂ ಸಲ ಕಾರ್ಯಾಗಾರಗಳು ನಡೆದವು, ಅವುಗಳಲ್ಲಿ ಕ್ರೆಡಿಟ್ ಎಷ್ಟು, ಆಂತರಿಕ ಅಂಕ ಎಷ್ಟು, ಯುಯುಸಿಎಂಎಸ್ ತಂತ್ರಾಂಶದಲ್ಲಿ ಅದನ್ನು ಎಲ್ಲಿ ತುಂಬಬೇಕು ಎಂಬ ಮಾತೇ ಮುಖ್ಯವಾಗಿತ್ತೆಂದು ಭಾಗವಹಿಸಿದವರು ಹೇಳುತ್ತಾರೆ.

ಹಾಸನ ಪಟ್ಟಣದಲ್ಲೇ ಬೇರೆ ಬಗೆಯ ಕಾಲೇಜುಗಳ ಕಡೆ ಕಣ್ಣು ಹಾಯಿಸಿದರೆ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ವೈದ್ಯಕೀಯ ಕಾಲೇಜುಗಳಲ್ಲಿ ವೈದ್ಯಕೀಯ ಶಿಕ್ಷಣ ಘಟಕವೊಂದು ಇರಲೇಬೇಕೆಂಬ ನಿಯಮವಿದೆ. ಅಲ್ಲಿನ ಅಧ್ಯಾಪಕರು ಎಷ್ಟೇ ದೊಡ್ಡ ಶಸ್ತ್ರಚಿಕಿತ್ಸಕರಾಗಿರಲಿ, ಬಡ್ತಿ ಬೇಕಾದರೆ ವೈದ್ಯಕೀಯ ಬೋಧನೆಯ ಮೂಲ ಕೋರ್ಸಿನಲ್ಲಿ ವಿದ್ಯಾರ್ಥಿಯಾಗಿ ಕೂರಲೇಬೇಕು. ಎಂಜಿನಿಯರಿಂಗ್ ಕಾಲೇಜಿಗೆ ಹೊಸದಾಗಿ ಸೇರುವವರಿಗೆ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ಎಂಟು ಮಾಡ್ಯೂಲುಗಳ ತರಬೇತಿಯನ್ನು ಗೊತ್ತುಮಾಡಿದೆ. ಅಲ್ಲೆಲ್ಲ ಎಲ್ಲವೂ ಸರಿಯಾಗಿದೆ, ಅವು ಕಾಗದಕ್ಕಷ್ಟೇ ಸೀಮಿತವಾಗಿಲ್ಲ ಎಂದು ನಾನು ವಾದಿಸುವುದಿಲ್ಲ. ಆದರೂ ಅಲ್ಲಿ ಪಾಠ ಮಾಡುವುದನ್ನು ಕಲಿಯಬೇಕು ಎಂಬ ಒಪ್ಪಿಗೆಯಾದರೂ ಇದೆ. ಜಿಲ್ಲೆಯ ಅತಿ ಹೆಚ್ಚು ಬಡ ಮಕ್ಕಳು ಓದುವ ಬಿ.ಎ., ಬಿ.ಕಾಂ., ಬಿ.ಎಸ್ಸಿ. ತರಗತಿಗಳಿಗೆ ಮಾತ್ರ ಆ ಒಪ್ಪಿಗೆ ಇನ್ನೂ ಬಂದಿಲ್ಲ.

ಈ ತರಗತಿಗಳನ್ನು ನಡೆಸುತ್ತಿರುವವರು ಯಾರು ಎಂಬುದನ್ನೂ ನೋಡಬೇಕು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ದುಡಿದಿದ್ದಾರೆ. ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಕೆಲವು ವಿಭಾಗಗಳು ಅವರಿಂದಲೇ ನಡೆಯುತ್ತವೆ. ಅವರಿಗೆ ಬಡ್ತಿ ಇಲ್ಲ, ಆದ್ದರಿಂದ ಬಡ್ತಿಗೆ ಕಟ್ಟಿದ ತರಬೇತಿಯ ಒತ್ತಾಯವೂ ಇಲ್ಲ, ಅವಕಾಶವೂ ಕಡಿಮೆ. ಒಂದು ದಿನದ ಕಾರ್ಯಾಗಾರಕ್ಕೆ ಹೋದರೆ ಆ ದಿನದ ಪಾಠಗಳ ಲೆಕ್ಕ ಏನಾಗುತ್ತದೋ ಎಂಬ ಆತಂಕ. ಮುಂದಿನ ವರ್ಷ ಕೌನ್ಸೆಲಿಂಗ್‌ನಲ್ಲಿ ಯಾವ ಊರು ಸಿಗುತ್ತದೋ, ಸಿಗುತ್ತದೆಯೋ ಇಲ್ಲವೋ ಗೊತ್ತಿಲ್ಲ. ಅಂಥವರ ಮುಂದೆ ನಿಂತು ಬೋಧನಾ ಗುಣಮಟ್ಟದ ಮಾತಾಡಲು ನನಗಂತೂ ಸಂಕೋಚವಾಗುತ್ತದೆ. ಅವರ ಸೇವಾ ಭದ್ರತೆಯ ಪ್ರಶ್ನೆ ಬೇರೆಯೇ ಇದೆ, ಅದು ಬಗೆಹರಿಯುವವರೆಗೆ ತರಬೇತಿಯ ದಿನವನ್ನು ಕೆಲಸದ ದಿನವೆಂದು ಎಣಿಸಿ ಗೌರವಧನ ಕೊಡುವುದಕ್ಕೆ ಅಡ್ಡಿ ಏನೂ ಇಲ್ಲ.

ಆಗಬೇಕಾದ ಕೆಲಸಕ್ಕೆ ದೊಡ್ಡ ಕಟ್ಟಡವಾಗಲಿ ಹೊಸ ಮಿಷನ್ ಆಗಲಿ ಬೇಡ. ಹಾಸನ ವಿಶ್ವವಿದ್ಯಾಲಯವು ತನ್ನ ಹೇಮಗಂಗೋತ್ರಿ ಆವರಣದಲ್ಲಿ ಎರಡು ಕೋಣೆಯ ಒಂದು ಬೋಧನಾ ಕೇಂದ್ರವನ್ನು ತೆರೆದು, ಪಟ್ಟಣದ ಬಿ.ಇಡಿ. ಕಾಲೇಜುಗಳ ಅನುಭವಿಗಳನ್ನೂ ವೈದ್ಯಕೀಯ ಕಾಲೇಜಿನಲ್ಲಿ ಈ ಕೆಲಸದಲ್ಲಿ ಪಳಗಿದವರನ್ನೂ ಜೊತೆಗೆ ಸೇರಿಸಿಕೊಳ್ಳಲಿ. ಮೊದಲ ವರ್ಷದ ಎಲ್ಲ ಉಪನ್ಯಾಸಕರು, ಕಾಯಂ ಇರಲಿ ಅತಿಥಿ ಇರಲಿ, ಸೆಮಿಸ್ಟರ್ ಆರಂಭಕ್ಕೆ ಮುಂಚೆ ಒಂದು ವಾರ ಸೂಕ್ಷ್ಮ ಬೋಧನೆಯ ಅಭ್ಯಾಸ ಮಾಡಲಿ. ಆಮೇಲೆ ಅವರ ತರಗತಿಯಲ್ಲಿ ಅದೇ ವಿಷಯದ ಹಿರಿಯರೊಬ್ಬರು ಸೆಮಿಸ್ಟರಿಗೆ ಎರಡು ಬಾರಿಯಾದರೂ ಕೂತು ನೋಡಲಿ, ಪ್ರತಿಯಾಗಿ ಹೊಸಬರೂ ಹಿರಿಯರ ತರಗತಿಗೆ ಹೋಗಿ ಕೂರಲಿ. ಅರಸೀಕೆರೆಯಿಂದ ಸಕಲೇಶಪುರದವರೆಗಿನ ಒಂದೊಂದು ವಿಷಯದ ಅಧ್ಯಾಪಕರು ತಿಂಗಳಿಗೊಂದು ಶನಿವಾರ ಸೇರಿ, ಮುಂದಿನ ತಿಂಗಳ ಒಂದು ಕಷ್ಟದ ಪಾಠವನ್ನು ಮಾತ್ರ ಎತ್ತಿಕೊಂಡು, ಅದನ್ನು ಹೇಗೆ ಮಾಡಿದರೆ ಮಕ್ಕಳಿಗೆ ಹತ್ತುತ್ತದೆ ಎಂದು ಚರ್ಚಿಸಲಿ. ಸನ್ಮಾನ, ಹೂಗುಚ್ಛ, ಉದ್ಘಾಟನಾ ಭಾಷಣಗಳಿಗೆ ಅಂದು ರಜೆ ಇರಲಿ, ನಮ್ಮ ಕಾರ್ಯಾಗಾರಗಳಲ್ಲಿ ಮಧ್ಯಾಹ್ನದ ಊಟದವರೆಗೆ ಅವೇ ನಡೆಯುತ್ತಿರುತ್ತವೆ.

ಇಷ್ಟರಲ್ಲಿ ಒಂದು ವಿಷಯವನ್ನು ಮಾತ್ರ ಕಟ್ಟುನಿಟ್ಟಾಗಿ ಕಾಪಾಡಬೇಕು. ಹಿಂದಿನ ಬೆಂಚಿನಲ್ಲಿ ಕೂರುವವರು ಪ್ರಾಂಶುಪಾಲರಾಗಲಿ ಇಲಾಖೆಯ ಅಧಿಕಾರಿಯಾಗಲಿ ಆಗಿರಬಾರದು, ಅವರು ಬರೆದುಕೊಂಡ ಟಿಪ್ಪಣಿಯು ಪಾಠ ಮಾಡಿದವರ ಕೈಗೆ ಹೋಗಬೇಕೇ ಹೊರತು ಸೇವಾ ಕಡತಕ್ಕೆ, ನ್ಯಾಕ್ ವರದಿಗೆ ಅಥವಾ ಅತಿಥಿ ಉಪನ್ಯಾಸಕರ ಮರುನೇಮಕದ ಪಟ್ಟಿಗೆ ಹೋಗಬಾರದು. ನಮ್ಮ ಪಾಠ ನೋಡಲು ಇವರ್ಯಾರು ಎಂದು ಕೆಲವು ಹಿರಿಯರು ಸಿಡಿಮಿಡಿಗೊಳ್ಳುವುದು ನನಗೆ ಗೊತ್ತು. ತಪಾಸಣೆಯ ಹೆಸರಿನಲ್ಲಿ ಅವರು ಕಂಡಿರುವುದನ್ನು ನೆನೆದರೆ ಆ ಸಿಟ್ಟಿಗೆ ಕಾರಣವೂ ಇದೆ. ಟಿಪ್ಪಣಿ ಒಮ್ಮೆ ಕಡತ ಸೇರಿದರೆ ಅಧ್ಯಾಪಕರು ತಮಗೆ ಚೆನ್ನಾಗಿ ಬರುವ ಪಾಠವನ್ನೇ ಆರಿಸಿ ಪ್ರದರ್ಶನ ಮಾಡುತ್ತಾರೆ, ಕಷ್ಟದ ಪಾಠ ಎಂದಿನಂತೆ ಮುಚ್ಚಿದ ಬಾಗಿಲ ಹಿಂದೆಯೇ ಉಳಿಯುತ್ತದೆ.

ಹೊಸ ವಿಶ್ವವಿದ್ಯಾಲಯಗಳನ್ನು ಹಳೆಯವುಗಳೊಂದಿಗೆ ವಿಲೀನಗೊಳಿಸುವ ಮಾತನ್ನು ಸಚಿವ ಸಂಪುಟದ ಉಪಸಮಿತಿಯು 2025ರ ಆರಂಭದಲ್ಲಿ ಎತ್ತಿದ ಮೇಲೆ, ಹಾಸನ ವಿಶ್ವವಿದ್ಯಾಲಯದ ಬಗ್ಗೆ ಏನು ಕೇಳಿದರೂ ಮೊದಲು ಅದು ಉಳಿಯಲಿ ಎಂಬ ಉತ್ತರ ಬರುವುದುಂಟು. ಆಡಳಿತ ಹೇಮಗಂಗೋತ್ರಿಯಲ್ಲಿರಲಿ, ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಗೆ ಹಿಂದಿರುಗಲಿ, ಅರಕಲಗೂಡಿನ ವಿದ್ಯಾರ್ಥಿನಿ ಬೆಳಗಿನ ಬಸ್ಸು ಹಿಡಿದು ಬಂದು ಕೂರುವ ತರಗತಿ ಎಲ್ಲಿಗೂ ಹೋಗುವುದಿಲ್ಲ. ಆದ್ದರಿಂದ ಮುಂದಿನ ಶೈಕ್ಷಣಿಕ ವರ್ಷದ ಮೊದಲ ಸೆಮಿಸ್ಟರ್ ಶುರುವಾಗುವ ಮುಂಚೆಯೇ, ಕನಿಷ್ಠ ಕನ್ನಡ, ಅರ್ಥಶಾಸ್ತ್ರ, ಭೌತಶಾಸ್ತ್ರ ಮತ್ತು ವಾಣಿಜ್ಯ ಈ ನಾಲ್ಕು ವಿಷಯಗಳಲ್ಲಾದರೂ ಇಂಥ ಗುಂಪುಗಳನ್ನು ರಚಿಸುವಂತೆ ವಿಶ್ವವಿದ್ಯಾಲಯದ ಕುಲಪತಿಗಳನ್ನೂ ಕಾಲೇಜು ಶಿಕ್ಷಣ ಇಲಾಖೆಯನ್ನೂ ಕೋರುತ್ತೇನೆ. ಆದೇಶ ಹೊರಡಿಸುವಾಗ 'ಎಲ್ಲ ಬೋಧಕ ಸಿಬ್ಬಂದಿ' ಎಂದಷ್ಟೇ ಬರೆಯದೆ 'ಅತಿಥಿ ಉಪನ್ಯಾಸಕರೂ ಸೇರಿದಂತೆ' ಎಂಬ ಮಾತನ್ನು ಬಿಡಿಸಿ ಬರೆಯಬೇಕು, ಅವರ ಆ ದಿನಗಳ ಗೌರವಧನವನ್ನು ಯಾವ ಲೆಕ್ಕದಿಂದ ಕೊಡಬೇಕೆಂಬುದನ್ನೂ ಅದೇ ಆದೇಶದಲ್ಲಿ ತಿಳಿಸಬೇಕು. ಪಟ್ಟಣದಲ್ಲಿರುವ ನನ್ನಂಥ ನಿವೃತ್ತರು ಸಂಭಾವನೆಯ ನಿರೀಕ್ಷೆಯಿಲ್ಲದೆ ಹಿಂದಿನ ಬೆಂಚಿನಲ್ಲಿ ಕೂರಲು ಸಿದ್ಧರಿದ್ದೇವೆ.

ಇತಿ,
ನಿವೃತ್ತ ಬಿ.ಇಡಿ. ಉಪನ್ಯಾಸಕಿ,
ಹಾಸನ